ಹನಿ ಔಷಧಿಯ ಡಾಕ್ಟ್ರಮ್ಮ

ಮೊನ್ನೆ ನಮ್ಮ ಮೆಡಿಕಲ್ ಸ್ಟೋರಿನ ಮುಂದೆ ಒಂದು ಕಾರು ನಿಂತಿತು. ಇಳಿದವರು ಹಾಸನದವರು, ಸೈಟು ವ್ಯವಹಾರದವರು. ಇಂಜಿನ್ನೂ ಆಫ್ ಮಾಡದೆ ಕೌಂಟರಿಗೆ ಬಂದು, 'ಪೊಟ್ಯಾಸಿಯಂ ಅಯೊಡೈಡ್ ಮಾತ್ರೆ ಇದೆಯೇನ್ರೀ? ಇದ್ದಷ್ಟೂ ಕೊಟ್ಬಿಡಿ' ಅಂದರು. ಯಾಕೆ ಸಾರ್ ಅಂದೆ. ಟಿವಿಯಲ್ಲಿ ಎಲ್ಲೋ ಯುದ್ಧ ತೋರಿಸುತ್ತಿದ್ದಾರಂತೆ, ಅಣುಬಾಂಬು ಬಿದ್ದರೂ ಈ ಮಾತ್ರೆ ನುಂಗಿದವರಿಗೆ ಏನೂ ಆಗುವುದಿಲ್ಲವಂತೆ, ವಾಟ್ಸಾಪಿನಲ್ಲಿ ಬಂದಿದೆಯಂತೆ. ಹಾಸನದ ಅಂಗಡಿಗಳಲ್ಲಿ ಸಿಗಲಿಲ್ಲ ಅಂತ ಹೊಳೆನರಸೀಪುರದ ತನಕ ಬಂದಿದ್ದಾರೆ ಪುಣ್ಯಾತ್ಮರು.

ನನ್ನ ಕೈ ತಾನಾಗಿ ಫೋನಿಗೆ ಹೋಯಿತು. ಇಂಥವರು ಬಂದಾಗ ನಾನು ಒಂದು ನಂಬರು ಒತ್ತಿ, 'ಮೇಡಂ, ಇಲ್ಲೊಬ್ಬರಿದ್ದಾರೆ, ಸ್ವಲ್ಪ ಕೇಳಿ' ಅಂದು ಫೋನನ್ನು ಅವರ ಕೈಗೇ ಕೊಟ್ಟುಬಿಡುತ್ತಿದ್ದೆ. ಆ ಕಡೆಯಿಂದ ಬೀಳುವ ಬೈಗುಳ ಕೌಂಟರಿನ ಈಚೆಗೂ ಕೇಳಿಸುತ್ತಿತ್ತು, ನನಗೆ ಒಳಗೊಳಗೇ ಖುಷಿ. ಈ ಸಲ ಹೆಸರು ಹುಡುಕಿ ಬೆರಳಿಟ್ಟ ಮೇಲೆ ನೆನಪಾಯಿತು, ಮೇಡಂ ಹೋದ ತಿಂಗಳೇ ಹೋದರು ಅಂತ. ಆ ಹೆಸರನ್ನು ಅಳಿಸುವುದಕ್ಕೆ ನನ್ನ ಕೈಲಿ ಆಗಿಲ್ಲ.

ಅವರು ಏನನ್ನುತ್ತಿದ್ದರೋ ಅದನ್ನೇ ನಾನು ಹೇಳಿದೆ. 'ಸಾರ್, ಅದು ಗುರಾಣಿ ಅಲ್ಲ. ಕತ್ತಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ. ಅದರ ಹೊಟ್ಟೆಯನ್ನ ಒಳ್ಳೇ ಅಯೊಡಿನ್ನಿಂದ ತುಂಬಿಸಿಟ್ಟರೆ ವಿಕಿರಣದ ಅಯೊಡಿನ್ನಿಗೆ ಒಳಗೆ ಜಾಗ ಇರಲ್ಲ, ಅಷ್ಟೇ. ಉಳಿದ ಮೈಗೆ ಅದು ಏನೂ ಮಾಡಲ್ಲ. ಸರ್ಕಾರದವರು ತಗೋ ಅಂದಾಗ ತಗೋಬೇಕು. ಸುಮ್ಮಸುಮ್ಮನೆ ನುಂಗಿದರೆ ಇರೋ ಥೈರಾಯ್ಡೂ ಕೆಡುತ್ತೆ.' ಆತ ನನ್ನನ್ನು ಒಂದು ಥರ ನೋಡಿ, 'ಇಲ್ಲ ಅಂದ್ರೆ ಇಲ್ಲ ಅನ್ನಿ, ಪಾಠ ಯಾಕ್ರೀ ಮಾಡ್ತೀರಾ' ಅಂದು ಕಾರು ಹತ್ತಿದರು. ಮೇಡಂ ಹೇಳಿದ್ದರೆ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಹೊಳೆನರಸೀಪುರದ ಸುತ್ತಿನ ಜನಕ್ಕೆ ಅವರು ಚರ್ಮದ ಡಾಕ್ಟ್ರಮ್ಮ, ಅಷ್ಟು ಸಾಕು. ಚನ್ನರಾಯಪಟ್ಟಣದ ಕಡೆಯ ಜೈನರ ಮನೆಯವರು. ಮದುವೆಯಾಗಲಿಲ್ಲ, ಯಾಕೆ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬೆಳಗಿನ ಬಸ್ಸಿಗೆ ಅಲ್ಲಿಂದ ಬರುವುದು, ಸಂಜೆ ಬಸ್ಸಿಗೆ ವಾಪಸ್ಸು. ನನ್ನ ಅಂಗಡಿಯ ಪಕ್ಕದ ಗೋಡೆಗೆ ಅಂಟಿಕೊಂಡ ಒಂದೇ ಕೋಣೆ, ಮಧ್ಯಕ್ಕೊಂದು ಹಸಿರು ಪರದೆ, ಅದೇ ಅವರ ಕ್ಲಿನಿಕ್ಕು. ಪರದೆಯ ಆಚೆ ಒಬ್ಬರು, ಈಚೆ ಬೆಂಚಿನ ಮೇಲೆ ಊರೆಲ್ಲ. ಅವರ ಗಂಟಲಿಗೆ ಆ ಕೋಣೆ ಸಾಲುತ್ತಿರಲಿಲ್ಲ. ಯಾರಿಗೆ ಕಜ್ಜಿ, ಯಾರಿಗೆ ಹುಳುಕಡ್ಡಿ ಅನ್ನುವುದು ನನಗೆ ಮಾತ್ರೆ ಚೀಟಿ ಬರುವುದಕ್ಕೆ ಮುಂಚೆಯೇ ಗೊತ್ತಾಗಿರುತ್ತಿತ್ತು.

ಬಂದವರು ಮುಖದ ಮಚ್ಚೆ ತೋರಿಸಲಿ, ಕಾಲಿನ ಹುಣ್ಣು ತೋರಿಸಲಿ, ಮೊದಲು 'ಕೈ ಚಾಚು' ಅನ್ನುತ್ತಿದ್ದರು. ಎರಡೂ ಅಂಗೈ ನೋಡಿ, ತಿರುಗಿಸಿ, ಉಗುರು ನೋಡಿ, ಆಮೇಲೆ ಮಾತು. ಹೊಸಬರು ಶಾಸ್ತ್ರ ಹೇಳುತ್ತಾರೆ ಅಂದುಕೊಳ್ಳುತ್ತಿದ್ದರು. ಒಬ್ಬ ಅಜ್ಜಿಯಂತೂ 'ನನ್ ಮಗನ್ಗೆ ಯಾವಾಗವ್ವ ಮದ್ವೆ?' ಅಂತ ಕೇಳಿಯೇಬಿಟ್ಟಿದ್ದಳು. 'ಮೊದಲು ಮಗನ ಕಜ್ಜಿ ವಾಸಿಯಾಗಲಿ, ಆಮೇಲೆ ಹೆಣ್ಣು ಕೊಡೋರು ಬರ್ತಾರೆ' ಅಂದಿದ್ದರು ಮೇಡಂ. ಕೈ ನೋಡಿದರೆ ಅವರಿಗೆ ಆ ಮನುಷ್ಯ ಏನು ಕೆಲಸ ಮಾಡುತ್ತಾನೆ ಅನ್ನುವುದು ತಿಳಿಯುತ್ತಿತ್ತು. ಹೊಗೆಸೊಪ್ಪು ಪೋಣಿಸುವವರ ಕೈ ಬೇರೆ, ಸಿಮೆಂಟು ಕಲಸುವವರ ಕೈ ಬೇರೆ. ಅರ್ಧ ರೋಗ ಅಲ್ಲೇ ಸಿಕ್ಕಿಬಿಡುತ್ತದೆ ಕಣಪ್ಪ ಅನ್ನುತ್ತಿದ್ದರು.

ಹೊತ್ತು ಮುಳುಗಿದ ಮೇಲೆ ಅವರು ಒಂದು ಗುಟುಕು ನೀರನ್ನೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಸಂಜೆ ಬಿಸಿಲು ಕೆಂಪಾಗುವ ಹೊತ್ತಿಗೆ ಪರದೆಯ ಹಿಂದೆ ಬುತ್ತಿ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು. ಒಂದು ಸಲ ದೊಡ್ಡ ಜಮೀನ್ದಾರರೊಬ್ಬರು ಸರಿಯಾಗಿ ಆ ಹೊತ್ತಿಗೆ ತೊಡೆ ಕೆರೆದುಕೊಳ್ಳುತ್ತ ಬಂದು, ನಾನು ಯಾರು ಗೊತ್ತಾ ಅಂದರು. ಪರದೆಯ ಹಿಂದಿನಿಂದ ಉತ್ತರ ಬಂತು. 'ಗೊತ್ತು, ಕೂತ್ಕೊಳ್ಳಿ. ಸೂರ್ಯ ನನ್ನ ಹೊಟ್ಟೆಗೆ ಕಾಯಲ್ಲ. ನಿಮ್ಮ ಕಜ್ಜಿ ಕಾಯುತ್ತೆ.' ಬೆಂಚಿನ ಮೇಲಿದ್ದವರೆಲ್ಲ ನೆಲ ನೋಡಿಕೊಂಡು ನಕ್ಕರು. ಜಮೀನ್ದಾರರು ಕೂತರು.

ನನಗೂ ಅವರಿಗೂ ಪರಿಚಯವಾದದ್ದೇ ಜಗಳದಿಂದ. ನಾನು ಸಾಲಗಾಮೆ ಕಡೆಯ ಬೇಸಾಯದ ಮನೆಯವನು. ಹಾಸನದಲ್ಲಿ ಫಾರ್ಮಸಿ ಓದಿ ಆಗ ತಾನೇ ಅಂಗಡಿ ಹಾಕಿದ್ದೆ. ಪೂಜೆಯ ಹೂವು ಇನ್ನೂ ಬಾಡಿರಲಿಲ್ಲ, ಈಯಮ್ಮ ಬಂದು ನಿಂತು, 'ಪೊಟ್ಯಾಸಿಯಂ ಅಯೊಡೈಡ್ ಹರಳು ತರಿಸಿ ದ್ರಾವಣ ಮಾಡಿಕೊಡ್ತೀಯಾ?' ಅಂದರು. 'ಈಗ ಯಾರು ಮೇಡಂ ಔಷಧಿ ಕಲಸ್ತಾರೆ, ಎಲ್ಲ ಕಂಪನಿಯವರೇ ಕಳಿಸ್ತಾರೆ' ಅಂದೆ, ದೊಡ್ಡ ಮನುಷ್ಯನ ಹಾಗೆ. 'ಹಾಗಾದ್ರೆ ನೀನು ಔಷಧಿ ಅಂಗಡಿ ಇಟ್ಟಿಲ್ಲ. ಬಿಸ್ಕತ್ತಿನ ಅಂಗಡಿ ಇಟ್ಟಿದ್ದೀಯ' ಅಂದು ಹೊರಟುಹೋದರು. ಮೈ ಉರಿದುಹೋಯಿತು ನನಗೆ. ಆ ಸಿಟ್ಟಿಗೇ ಹರಳು ತರಿಸಿದೆ.

ಆ ದ್ರಾವಣ ಮಾಡುವುದು ನನಗೆ ಈಗಲೂ ಇಷ್ಟದ ಕೆಲಸ. ಶುದ್ಧ ನೀರಿಗೆ ಬಿಳಿ ಹರಳು ಹಾಕುತ್ತ ಕಲಕುತ್ತ ಹೋಗುವುದು. ಕರಗುತ್ತ ಹೋದಂತೆ ಪಾತ್ರೆ ಕೈಗೆ ತಣ್ಣಗೆ ಹತ್ತುತ್ತದೆ. ಇನ್ನು ಕರಗುವುದಿಲ್ಲ, ತಳದಲ್ಲಿ ಹರಳು ಹಾಗೇ ನಿಂತಿತು ಅಂದರೆ ಮುಗಿಯಿತು. ಬೆಳಕು ಬಿದ್ದರೆ ಹಳದಿಯಾಗುತ್ತದೆ, ಅದಕ್ಕೇ ಕಂದು ಬಾಟಲಿ, ಜೊತೆಗೊಂದು ಹನಿ ಹಾಕುವ ಕೊಳವೆ. ಮೊದಲ ಬಾಟಲಿ ತೆಗೆದುಕೊಂಡು ಹೋದಾಗ ಮೇಡಂ, 'ನಾಲಿಗೆ ಚಾಚು' ಅಂದು ನನ್ನ ನಾಲಿಗೆಗೇ ಒಂದು ಹನಿ ಬಿಟ್ಟರು. ಉಪ್ಪು, ಕಹಿ, ಹಿತ್ತಾಳೆ ನಲ್ಲಿ ನೆಕ್ಕಿದ ರುಚಿ. 'ಜನ ಇದನ್ನ ತಿಂಗಳುಗಟ್ಟಲೆ ಕುಡೀಬೇಕು. ಬಾಟಲಿ ಕೊಡುವಾಗ ಮುಖ ಸಿಂಡರಿಸಬೇಡ, ನಗ್ತಾ ಕೊಡು' ಅಂದರು. ಆವತ್ತಿನಿಂದ ನಾನು ಅವರ ಬಾಯಲ್ಲಿ ಬರೀ 'ಮೆಡಿಕಲ್ಲು'.

ಯಾರಿಗೆ ಈ ಔಷಧಿ ಅಂದರೆ, ಮಣ್ಣಲ್ಲಿ ಕೈ ಇಡುವವರಿಗೆ. ಅರಕಲಗೂಡಿನ ಕಡೆ ಶುಂಠಿ, ಹೊಗೆಸೊಪ್ಪು, ಜೋಳ ಬೆಳೆಯುವವರ ಕೈಗೆ ಮುಳ್ಳೋ ಹುಲ್ಲಿನ ಸಿಬಿರೋ ಚುಚ್ಚುತ್ತದೆ. ಜೊತೆಗೆ ಮಣ್ಣಿನ ಬೂಷ್ಟು ಒಳಗೆ ಸೇರುತ್ತದೆ. ಮೊದಲು ಬೆರಳಲ್ಲೊಂದು ಗುಳ್ಳೆ. ವಾಸಿಯಾಗುವುದಿಲ್ಲ. ಆಮೇಲೆ ಮಣಿಕಟ್ಟಿಗೊಂದು, ಮುಂಗೈಗೊಂದು, ಮಣಿ ಪೋಣಿಸಿದ ಹಾಗೆ ಮೇಲಕ್ಕೆ ಹತ್ತುತ್ತ ಹೋಗುತ್ತದೆ. ನಮ್ಮ ಕಡೆ ಅದನ್ನು ಕಂಡ ಕೂಡಲೇ ಸರ್ಪ ಅನ್ನುತ್ತಾರೆ. ಹೆಗಲು ಮುಟ್ಟಿದರೆ ಮುಗಿಯಿತು ಅಂತ ಕೆಮ್ಮಣ್ಣು ಬಳಿಸಿ, ಹುತ್ತಕ್ಕೆ ಹಾಲೆರೆದು, ಇಷ್ಟೆಲ್ಲ ಆದ ಮೇಲೆ ಡಾಕ್ಟ್ರಮ್ಮನ ಹತ್ತಿರ ಬರುತ್ತಾರೆ. ಅವರು ಕೈ ನೋಡಿ, 'ಹಾವೂ ಇಲ್ಲ, ಹಲ್ಲೀನೂ ಇಲ್ಲ, ಬೂಷ್ಟು' ಅಂದು ಹನಿ ಬರೆಯುತ್ತಿದ್ದರು. ಊಟವಾದ ಮೇಲೆ ಹಾಲಿನಲ್ಲಿ ಕೆಲವೇ ಹನಿ. ಮೈ ತಡೆದುಕೊಂಡರೆ ದಿನಕ್ಕಿಷ್ಟು ಅಂತ ಏರಿಸುವುದು. ಮೂಗು ಸೋರಿದರೆ, ಬಾಯಲ್ಲಿ ನೀರು ಕಟ್ಟಿದರೆ, ಮುಖಕ್ಕೆ ಗುಳ್ಳೆ ಎದ್ದರೆ, ಕೆನ್ನೆ ಊದಿದರೆ ಇಳಿಸುವುದು. ಬೇರೆ ಮಾತ್ರೆಗಳೂ ಇದ್ದವು. 'ಅವು ದುಬಾರಿ. ಇದು ನಮ್ಮಜ್ಜಿ ಕಾಲದ್ದು, ಆದ್ರೆ ಸೋಮಾರಿಯಲ್ಲ' ಅನ್ನುತ್ತಿದ್ದರು.

ಮಾಗಿ ಚಳಿಯಲ್ಲಿ ಒಬ್ಬ ರೈತ ಬಾಟಲಿ ವಾಪಸ್ಸು ತಂದು ಕೌಂಟರಿನ ಮೇಲೆ ಕುಕ್ಕಿದ. 'ಏನ್ ಸಾ ಇದು, ಔಸ್ದಿ ಕೊಟ್ರೋ ಕಲ್ಸಕ್ರೆ ಕೊಟ್ರೋ?' ನೋಡಿದರೆ ತಳದಲ್ಲಿ ಹರಳು ಕೂತಿದೆ. ಚಳಿಗೆ ಹಾಗಾಗುತ್ತದೆ. ನಾನು ವಿವರಿಸುವುದಕ್ಕೆ ಶುರುಮಾಡುವಷ್ಟರಲ್ಲಿ ಗೋಡೆಯಾಚೆಯಿಂದ ಮೇಡಂ, 'ಒಲೆ ಪಕ್ಕ ಇಡೋ, ನಿನ್ನ ಹಾಗೇ ಅದಕ್ಕೂ ಚಳಿ ಆಗುತ್ತೆ!' ಅಂತ ಕೂಗಿದರು. ಇನ್ನೊಬ್ಬ ಹಾಲು ಸೇರುವುದಿಲ್ಲ ಅಂತ ಕಾಫಿಗೆ ಹಾಕಿಕೊಂಡು, ರುಚಿ ಕೆಟ್ಟಿತೆಂದು ಹೆಂಡತಿಯ ಜೊತೆ ಜಗಳ ತೆಗೆದು, ಹೆಂಡತಿಯೇ ನ್ಯಾಯ ಕೇಳುವುದಕ್ಕೆ ಕ್ಲಿನಿಕ್ಕಿಗೆ ಬಂದಿದ್ದಳು. ಆ ಜಗಳ ಬಿಡಿಸಿದ್ದೂ ಮೇಡಮ್ಮೇ.

ಇಷ್ಟೇ ಆಗಿದ್ದರೆ ನಾನು ಅವರನ್ನು ಒಬ್ಬ ಜೋರು ಡಾಕ್ಟ್ರಮ್ಮ ಅಂತ ನೆನೆದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಆ ಹನಿ ನಮ್ಮ ಮನೆಗೇ ಬಂತು.

ನನ್ನ ತಂಗಿ ರತ್ನಳನ್ನು ಅರಕಲಗೂಡಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದೆವು. ಶುಂಠಿ ಬೆಳೆಯುವ ಮನೆ, ಒಳ್ಳೆಯ ಜನ. ಅವಳಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಇಳಿದುಹೋಗಿತ್ತು. ಆಮೇಲೆ ಅವಳು ತವರಿಗೆ ಬರುವುದನ್ನೇ ಕಡಿಮೆ ಮಾಡಿದ್ದಳು. ಶುಂಠಿ ಪಾತಿಗೆ ಹುಲ್ಲು ಹೊದಿಸುವಾಗ ಬಲಗೈ ಬೆರಳಿಗೆ ಸಿಬಿರು ಹೊಕ್ಕು ಗುಳ್ಳೆಯಾಯಿತು, ಗುಳ್ಳೆ ಮೇಲಕ್ಕೆ ಹತ್ತಿತು. ಕೆಮ್ಮಣ್ಣು ಬಳಿದ ಕೈ ಹಿಡಿದುಕೊಂಡು ಅತ್ತೆಯ ಜೊತೆ ಬಂದಿಳಿದಾಗ ನನಗೆ ನೋಡಲಾಗಲಿಲ್ಲ. ಮೇಡಂ ಕೈ ತೊಳೆಸಿ, ಒಂದು ಚೂರು ಕೀವು ಪರೀಕ್ಷೆಗೆ ಕಳಿಸಿ, ಅದು ಬೂಷ್ಟೇ ಅಂತ ಖಾತ್ರಿಯಾದ ಮೇಲೆ ಹನಿ ಶುರುಮಾಡಿದರು. ಹೆಣ್ಣುಮಕ್ಕಳಿಗೆ ಈ ಔಷಧಿ ಕೊಡುವ ಮುಂಚೆ ಅವರದ್ದೊಂದು ಪ್ರಶ್ನೆ ಇರುತ್ತಿತ್ತು. ಅದನ್ನು ಕೇಳಿದರು. 'ಮುಟ್ಟಾಯ್ತಾ ಈ ತಿಂಗಳು?' ಗೋಡೆಯ ಈಚೆ ನಾನು ಕೆಮ್ಮಿದೆ. ಆಗಿದೆ ಅಂದಳು ರತ್ನ. ಆಗ ಅದು ನಿಜವೇ ಆಗಿತ್ತು.

ತಂಗಿಗೆ ಕೊಡುವ ಬಾಟಲಿಯನ್ನು ನಾನೇ ಕಲಸಿದೆ. ಉಳಿದವರಿಗೆ ಮಾಡುವುದಕ್ಕಿಂತ ಒಂದು ಕೈ ಹೆಚ್ಚು ಶ್ರದ್ಧೆಯಿಂದ. ಅವಳು ಬರುತ್ತಿದ್ದಳು, ಅತ್ತೆ ಜೊತೆಯಲ್ಲೇ ಕೂರುತ್ತಿದ್ದರು. ಗುಳ್ಳೆಗಳು ಬಾಡತೊಡಗಿದವು. ಪ್ರತಿ ಸಲವೂ ಅದೇ ಪ್ರಶ್ನೆ. ಆಮೇಲಾಮೇಲೆ ಉತ್ತರ ಅತ್ತೆಯಿಂದಲೇ ಬರುತ್ತಿತ್ತು. 'ಆಗೈತೆ ಕಣ್ರವ್ವ, ಮೊನ್ನೆ ತಾನೆ ತಲೆಗ್ ಉಯ್ಕಂಡ್ಳು.' ಸರಿ, ಹನಿ ಏರಿಸು ಅನ್ನುತ್ತಿದ್ದರು ಮೇಡಂ.

ಒಂದು ಸಲ ಬಂದಾಗ ರತ್ನಳ ಮೂಗು ಸೋರುತ್ತಿತ್ತು, ಮುಖದ ತುಂಬ ಗುಳ್ಳೆ, ಬಾಯಲ್ಲಿ ನೀರು, ವಾಂತಿ. ಅಯೊಡಿನ್ ಜಾಸ್ತಿಯಾಯ್ತು ಅಂತ ಮೇಡಂ ಹನಿ ಇಳಿಸಿದರು. ನನಗೂ ಹಾಗೇ ಅನ್ನಿಸಿತು. ಮುಂದಿನ ಸಲ ಬಂದಾಗ ಮೂಗು ಒಣಗಿತ್ತು, ಗುಳ್ಳೆ ಹೋಗಿದ್ದವು. ವಾಂತಿ ಮಾತ್ರ ಹಾಗೇ ಇತ್ತು. ಅಂಗಡಿ ಖಾಲಿಯಿತ್ತು, ನಾನು ಪರದೆಯ ಹತ್ತಿರವೇ ನಿಂತಿದ್ದೆ. ಮೇಡಂ ದೀಪ ಎಳೆದು ಅವಳ ಮುಖಕ್ಕೆ ಹಿಡಿದರು. ಕೆನ್ನೆಯ ಮೇಲೆ ತೆಳ್ಳಗೆ ಬಂಗು. ಕತ್ತಿನ ಗೆರೆ ಕಪ್ಪಗಾಗಿತ್ತು. ದೀಪ ಆರಿಸಿದರು. ಆಮೇಲೆ ಆ ಕೋಣೆಯಲ್ಲಿ ನಾನು ಎಂದೂ ಕೇಳದಿದ್ದ ಸಣ್ಣ ದನಿಯಲ್ಲಿ, 'ಎಷ್ಟು ತಿಂಗಳು ರತ್ನ?' ಅಂದರು.

ರತ್ನ ಅತ್ತೆಯ ಮುಖ ನೋಡಿ ಅಳುವುದಕ್ಕೆ ಶುರುಮಾಡಿದಳು.

'ನಾನೇ ಏಳ್ಬ್ಯಾಡ ಅಂದಿದ್ದೆ ಕಣ್ರವ್ವ' ಅಂದರು ಅತ್ತೆ. 'ಎಲ್ಡ್ ಸಲ ಬಾಯ್ಬುಟ್ಟು ಎಲ್ಡೂ ಕಳ್ಕಂಡೊ. ಈ ಸಲ ಮೂರು ತುಂಬೊಗಂಟ ಗಾಳಿಗೂ ಗೊತ್ತಾಗ್ಬಾರ್ದು ಅಂತ ಮನೆದೇವ್ರಿಗೆ ಮುಡಿಪು ಕಟ್ಟಿದ್ದೆ. ಅವಳ್ ಗಂಡಂಗೂ ಏಳಿಲ್ಲ. ಮೂರು ತುಂಬಿ ನಾಕಕ್ಕೆ ಬಿತ್ತು. ಈ ಬಾನ್ವಾರ ಎಲ್ರುಗೂ ಸೀ ಊಟ ಆಕಿ ಏಳನಾ ಅಂತಿದ್ವಿ.' ಆಮೇಲೆ ಮೇಡಮ್ಮಿನ ಮುಖ ನೋಡಿ ಅವರಿಗೂ ಹೆದರಿಕೆ ಹತ್ತಿತು. 'ಯಾಕವ್ವ? ಕೈಗ್ ಕೊಟ್ಟಿರ ಔಸ್ದಿ ಒಟ್ಟೆಗೇನ್ ಮಾಡದು?'

ಮೇಡಂ ಮುಚ್ಚುಮರೆ ಮಾಡಲಿಲ್ಲ. ತಾಯಿ ಕುಡಿದ ಅಯೊಡಿನ್ ಮಗುವಿಗೂ ಹೋಗುತ್ತದೆ. ಮಗುವಿನ ಕತ್ತಿನ ಗ್ರಂಥಿ ಸರಿಯಾಗಿ ಮೂರು ತಿಂಗಳು ತುಂಬುವ ಹೊತ್ತಿಗೆ ಕೆಲಸ ಶುರುಮಾಡುತ್ತದೆ, ಸಿಕ್ಕಿದ ಅಯೊಡಿನ್ನನ್ನೆಲ್ಲ ಎಳೆದುಕೊಳ್ಳುತ್ತದೆ. ಜಾಸ್ತಿಯಾದರೆ ಊದಿಕೊಳ್ಳುತ್ತದೆ, ಹುಟ್ಟುವಾಗ ಉಸಿರಿನ ಕೊಳವೆಯನ್ನೇ ಒತ್ತಬಹುದು, ಬುದ್ಧಿ ಮಂದವಾಗಬಹುದು. ಆಗದೆಯೂ ಇರಬಹುದು. ಎಷ್ಟು ಹೋಗಿದೆ, ಯಾವಾಗ ಹೋಗಿದೆ, ಹೇಳುವುದಕ್ಕಾಗುವುದಿಲ್ಲ. ಇವೊತ್ತಿನಿಂದ ಒಂದು ಹನಿಯೂ ಇಲ್ಲ. ಅಷ್ಟು ಹೇಳಿ ರತ್ನಳ ಚೀಲದಿಂದ ಬಾಟಲಿ ತೆಗೆದು ತೊಟ್ಟಿಗೆ ಸುರಿದು ನಲ್ಲಿ ಬಿಟ್ಟರು.

ಆ ಬಾಟಲಿ ನಾನು ಕಲಸಿದ್ದು. ಪರದೆ ಸರಿಸಿ ಒಳಗೆ ನುಗ್ಗಿ ಆ ಅತ್ತೆಗೆ ಬಾಯಿಗೆ ಬಂದದ್ದು ಬೈದೆ. ನಿಮ್ಮ ಮುಡಿಪಿಗೆ ಬೆಂಕಿ ಬೀಳ, ಡಾಕ್ಟ್ರು ಕೇಳಿದಾಗಲೂ ಸುಳ್ಳು ಹೇಳುವುದೇ, ನಿಮ್ಮ ಮನೆಗೆ ಯಾಕೆ ಹೆಣ್ಣು ಕೊಟ್ಟೆವೋ ಅಂತೆಲ್ಲ. ಆಯಮ್ಮ ತಲೆ ಬಗ್ಗಿಸಿ ಕೇಳಿಸಿಕೊಂಡರು. ಮೇಡಂ ಎದ್ದು ನಿಂತು, 'ಮೆಡಿಕಲ್ಲು, ಬಾಯಿ ಮುಚ್ಚು' ಅಂದರು. 'ಅವರು ಮಗು ಉಳಿಸಿಕೊಳ್ಳೋಕೆ ಮುಚ್ಚಿಟ್ಟರು. ಕೇಳೋಳು ನಾನು ಹೇಗೆ ಕೇಳಿದೆ? ಬೆಂಚಿನ ಮೇಲೆ ಊರು ಕೂರಿಸ್ಕೊಂಡು, ಅತ್ತೇನ ಪಕ್ಕ ಇಟ್ಕೊಂಡು, ಗೋಡೆಯಾಚೆ ಅಣ್ಣನಿಗೂ ಕೇಳೋ ಹಾಗೆ ಗಂಟಲು ಹರ್ಕೊಂಡು ಕೇಳಿದೆ. ಯಾವ ಹೆಣ್ಣು ನಿಜ ಹೇಳ್ತಾಳೆ? ವಾಂತಿ ಕಣ್ಮುಂದೆ ಇತ್ತು. ಅದನ್ನೂ ಹನಿ ಲೆಕ್ಕಕ್ಕೆ ಹಾಕಿದೆ. ತಪ್ಪು ನನ್ನದು.'

ಮಾರನೆಯ ದಿನವೇ ಬಡಗಿ ಬಂದ. ಹಸಿರು ಪರದೆ ಹೋಗಿ ಹಲಗೆಯ ಗೋಡೆ, ಬಾಗಿಲು, ಒಳಗಿನಿಂದ ಚಿಲಕ ಬಂದವು. ಆಮೇಲೆ ಮೇಡಂ ಆ ಪ್ರಶ್ನೆಯನ್ನು ಹೇಗೆ ಕೇಳುತ್ತಿದ್ದರೋ ನನಗೆ ಗೊತ್ತಿಲ್ಲ. ನನಗೆ ಒಂದು ದಿನವೂ ಕೇಳಿಸಲಿಲ್ಲ.

ರತ್ನಳ ಕೈ ಇನ್ನೂ ಪೂರ್ತಿ ವಾಸಿಯಾಗಿರಲಿಲ್ಲ, ಬೇರೆ ಮಾತ್ರೆ ಕೊಡುವ ಹಾಗೂ ಇಲ್ಲ. 'ಈ ಬೂಷ್ಟಿಗೆ ಬಿಸಿ ಕಂಡ್ರೆ ಆಗಲ್ಲ. ಶಾಖ ಕೊಡಿ, ಸುಡಬಾರದು, ತಡೆಯೋ ಅಷ್ಟು' ಅಂದರು ಮೇಡಂ. ಅತ್ತೆ ಅದನ್ನು ಹಟಕ್ಕೆ ಬಿದ್ದವರ ಹಾಗೆ ಮಾಡಿದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಬಿಸಿನೀರಿನ ಬಟ್ಟೆ ಹಿಂಡಿ ಹಿಂಡಿ ಸೊಸೆಯ ಕೈಗೆ ಸುತ್ತುವುದು, ತಮ್ಮ ಮೊಣಕೈಗೆ ಮೊದಲು ಮುಟ್ಟಿಸಿ ನೋಡುವುದು. ಗುಳ್ಳೆ ನಿಧಾನಕ್ಕೆ ಒಣಗಿ ಉದುರಿದವು. ರಜೆಯ ದಿನ ಮೇಡಂ ಚನ್ನರಾಯಪಟ್ಟಣದಿಂದ ಬಸ್ಸು ಬದಲಾಯಿಸಿಕೊಂಡು ಅರಕಲಗೂಡಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಹಳ್ಳಿಗೆ ಹೋಗಿ ನೋಡಿ ಬರುತ್ತಿದ್ದರು. ಯಾವ ರೋಗಿಯ ಮನೆಗೂ ಹೋದವರಲ್ಲ ಅವರು. ಬರುವಾಗ ಅತ್ತೆ ಬಲವಂತವಾಗಿ ಒಂದು ಚೀಲ ಹಸಿ ಶುಂಠಿ ಹೊರಿಸುತ್ತಿದ್ದರು. ನೆಲದೊಳಗೆ ಬೆಳೆದದ್ದನ್ನು ತಿನ್ನದ ವ್ರತ ಮೇಡಮ್ಮಿನದು. ಆದರೂ ಬೇಡ ಅನ್ನದೆ ತಂದು ನನ್ನ ಕೌಂಟರಿನ ಕೆಳಗೆ ಇಡುತ್ತಿದ್ದರು. ಆ ವರ್ಷ ನನ್ನ ಅಂಗಡಿಗೆ ಬಂದವರೆಲ್ಲ ಔಷಧಿಯ ಜೊತೆ ಶುಂಠಿಯನ್ನೂ ತಗೊಂಡು ಹೋದರು.

ಹಾಸನದಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಮೇಡಂ ಒಳಗೇ ಹೋಗಿ ನಿಂತು, 'ಕತ್ತು ನೋಡಿ ಡಾಕ್ಟ್ರೇ, ಕತ್ತು' ಅಂದರಂತೆ. ಗ್ರಂಥಿ ಸ್ವಲ್ಪ ತುಂಬಿದ ಹಾಗೆ ಕಾಣುತ್ತದೆ, ಈಗಲೇ ಏನೂ ಹೇಳಲಾಗದು ಅಂದರಂತೆ ಆ ಡಾಕ್ಟರು. ಮುಂದಿನ ಸಲವೂ ಅದೇ ಮಾತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಮೇಡಂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಎರಡು ಸೀಟು ಹಿಂದೆ. ಏನಾದರೂ ಬೈಯಬಾರದೇ ಅಂತ ಕಾಯುತ್ತಿದ್ದೆ. ಆ ತಿಂಗಳುಗಳಲ್ಲಿ ಅವರು ಬೈಯುವುದನ್ನೇ ಮರೆತಿದ್ದರು, ಬೆಂಚಿನ ಮೇಲಿನ ಜನ ಡಾಕ್ಟ್ರಮ್ಮನಿಗೆ ಹುಷಾರಿಲ್ವಾ ಅಂತ ನನ್ನನ್ನು ಕೇಳುತ್ತಿದ್ದರು. ರತ್ನ ಮಾತ್ರ ಎಲ್ಲರಿಗಿಂತ ಗಟ್ಟಿ. 'ಎಂಗಾದ್ರೂ ಉಟ್ಲಿ ಅಣ್ಣ, ಉಸ್ರಾಡಿದ್ರೆ ಸಾಕು' ಅಂದಿದ್ದಳು ನನ್ನ ಹತ್ತಿರ.

ಹೆರಿಗೆ ಹಾಸನದಲ್ಲಿ. ನೋವು ಬೆಳಿಗ್ಗೆಯೇ ಕಾಣಿಸಿತು. ಮೇಡಂ ಕ್ಲಿನಿಕ್ಕಿಗೆ ಬೀಗ ಹಾಕಿ ಬಂದುಬಿಟ್ಟಿದ್ದರು. ಮಕ್ಕಳ ಡಾಕ್ಟರಿಗೆ ಮುಂಚೆಯೇ ಹೇಳಿ ಒಳಗೆ ನಿಲ್ಲಿಸಿದ್ದರು, ಉಸಿರಿಗೆ ತೊಂದರೆಯಾದರೆ ಅಂತ. ತಾವು ಬಾಗಿಲ ಹೊರಗೆ ಕಿವಿಕೊಟ್ಟು ನಿಂತರು. ನಾನು ಒಂದು ಕಂಬ ಹಿಡಿದುಕೊಂಡಿದ್ದೆ, ಅತ್ತೆ ನೆಲದ ಮೇಲೆ ಕೂತು ಸೆರಗಿನ ಗಂಟಿನಲ್ಲಿದ್ದ ಮುಡಿಪನ್ನು ಹಿಚುಕುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಳಗೆ ಏನೇನೋ ಓಡಾಟ, ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕೂಗು. ಎಂಥ ಕೂಗು ಅಂತೀರಿ! ಇಡೀ ಆಸ್ಪತ್ರೆ ಹಾರಿಸುವ ಕೂಗು. 'ಗಂಟಲು ನೆಟ್ಟಗಿದೆ' ಅಂದರು ಮೇಡಂ, ಯಾರಿಗೂ ಅಲ್ಲ, ಬಾಗಿಲಿಗೆ.

ನರ್ಸು ಬಟ್ಟೆಯಲ್ಲಿ ಸುತ್ತಿ ತಂದ ಕೂಸನ್ನು ಎಲ್ಲರಿಗಿಂತ ಮೊದಲು ಅವರೇ ಮುಟ್ಟಿದ್ದು. ಒಂದು ಬೆರಳಿನಿಂದ ಕತ್ತು ಸವರಿ ನೋಡಿದರು. ಆಮೇಲೆ ಅತ್ತೆಯ ಕೈಗೆ ಕೊಟ್ಟು, 'ಹೆಣ್ಣು. ಜೋರಾಗಿದ್ದಾಳೆ. ಇನ್ನು ಊರಿಗೆಲ್ಲ ಹೇಳ್ಕೊಳ್ಳಿ' ಅಂದರು. ಆಯಮ್ಮ ಕಾಲಿಗೆ ಬೀಳಲು ಹೋದಾಗ ಹಾವು ತುಳಿದವರ ಹಾಗೆ ಹಿಂದಕ್ಕೆ ಹಾರಿದರು. ಹಿಮ್ಮಡಿಯ ರಕ್ತ ತೆಗೆದು ಮಾಡಿದ ಥೈರಾಯ್ಡ್ ಪರೀಕ್ಷೆಯಲ್ಲೂ ಎಲ್ಲ ಸರಿಯಿತ್ತು. ಮಗುವಿಗೆ ಸಿಂಚನ ಅಂತ ಹೆಸರಿಟ್ಟರು. ನಾವು ಸೀ ಊಟ ಉಂಡು, ಮನೆಗೆ ಬಂದು, ಆ ಭಯವನ್ನು ಮರೆತುಬಿಟ್ಟೆವು. ಮಗು ಓಡಾಡುತ್ತ, ಮಾತಾಡುತ್ತ, ಶಾಲೆಗೆ ಹೋಗುತ್ತ ಬೆಳೆಯಿತು. ಯಾರು ನೆನಪಿಟ್ಟುಕೊಳ್ಳುತ್ತಾರೆ ಹೇಳಿ. ಮೇಡಂ ಮತ್ತೆ ಬೈಯುವುದಕ್ಕೆ ಶುರುಮಾಡಿದರು, ಅಷ್ಟು ಸಾಕಿತ್ತು ನನಗೆ.

ವಯಸ್ಸಾಯಿತು ಅಂತ ಕ್ಲಿನಿಕ್ಕು ಮುಚ್ಚಿ ಚನ್ನರಾಯಪಟ್ಟಣದಲ್ಲಿ ತಮ್ಮನ ಮನೆಯಲ್ಲಿ ಉಳಿದರು. ಫೋನಿನಲ್ಲಿ ಮಾತ್ರ ಸಿಗುತ್ತಿದ್ದರು. ಮೂರು ತಿಂಗಳ ಹಿಂದೆ ಲಕ್ವ ಹೊಡೆಯಿತು. ಮಾತು ಹೋಯಿತು, ಬಲಗೈ ಹೋಯಿತು. ಸುದ್ದಿ ಕೇಳಿ ನಾವು ನಾಲ್ವರು ಹೋದೆವು. ನಾನು, ರತ್ನ, ಅವಳ ಅತ್ತೆ, ಸಿಂಚನ. ಹುಡುಗಿ ಈಗ ಹೈಸ್ಕೂಲು, ಅಮ್ಮನಿಗಿಂತ ಎತ್ತರ, ವಾಚಾಳಿ.

ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂರಿಸಿದ್ದರು. ಆ ಗಂಟಲಿಲ್ಲದ ಮೇಡಮ್ಮನ್ನು ನನಗೆ ನೋಡಲಾಗಲಿಲ್ಲ, ಗೋಡೆ ನೋಡುತ್ತ ನಿಂತೆ. ಅವರ ಕಣ್ಣು ನನ್ನ ಮೇಲೆ, ರತ್ನಳ ಮೇಲೆ, ಅತ್ತೆಯ ಮೇಲೆ ಹಾದು ಹುಡುಗಿಯ ಮೇಲೆ ನಿಂತಿತು. ಎಡಗೈ ಎತ್ತಿ ಕರೆದರು. ಸಿಂಚನ ಹೋಗಿ ಕುರ್ಚಿಯ ಮುಂದೆ ಮಂಡಿಯೂರಿದಳು. ಆ ಕೈ ಅವಳ ಕತ್ತಿಗೆ ಹೋಯಿತು. ಎರಡು ಬೆರಳು ಗಂಟಲಿನ ಮೇಲೆ ಕೂತವು. ತುಟಿ ಅಲುಗಿತು, ದನಿ ಬರಲಿಲ್ಲ.

'ಏನ್ ಬೇಕು ಅಜ್ಜಿ? ನೀರಾ?' ಅಂದಳು ಹುಡುಗಿ.

ನನಗೆ ತಿಳಿಯಿತು. ಥೈರಾಯ್ಡ್ ನೋಡುವ ಡಾಕ್ಟರು ಹಾಗೆ ಮಾಡುತ್ತಾರೆ. 'ಎಂಜಲು ನುಂಗು ಮಗ' ಅಂದೆ. ನುಂಗಿದಳು. ಬೆರಳು ತೆಗೆಯಲಿಲ್ಲ. ತುಟಿ ಮತ್ತೆ ಅಲುಗಿತು. ಮತ್ತೆ ನುಂಗಿದಳು. ಬೆರಳು ಅಲ್ಲೇ ಇತ್ತು. ಮೇಡಮ್ಮಿನ ಕಣ್ಣು ತುಂಬಿ ಹರಿಯತೊಡಗಿತು. ರತ್ನ ಬಾಯಿಗೆ ಸೆರಗು ಹಿಡಿದಳು. ನಾವೆಲ್ಲ ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟು ಬಂದಿದ್ದ ಭಯವನ್ನು ಈಯಮ್ಮ ಇಷ್ಟು ವರ್ಷ ಒಬ್ಬರೇ ಇಟ್ಟುಕೊಂಡಿದ್ದರು.

ಅತ್ತೆ ಬಂದು ಕುರ್ಚಿಯ ಕೆಳಗೆ ನೆಲದ ಮೇಲೆ ಕೂತರು. ಮೊಮ್ಮಗಳ ಕತ್ತಿನಿಂದ ಆ ಕೈಯನ್ನು ಮೆಲ್ಲಗೆ ಬಿಡಿಸಿ ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

'ನೋಡಿದ್ದು ಸಾಕು ಡಾಕ್ಟ್ರವ್ವ. ಮಗಿ ಚೆಂದಾಗೈತೆ. ಬಾಯ್ ಮುಚ್ಕಂಡೋಳು ನಾನು ಕಣವ್ವ, ನೀವಲ್ಲ. ನೀವ್ಯಾಕ್ ಇದ್ನ ಒತ್ಕಂಡ್ ಕುಂತಿದ್ದೀರಿ? ಇಳಿಸ್ಬುಡಿ, ಇಳಿಸ್ಬುಡಿ.'

ಮೇಡಂ ಆಕೆಯ ಮುಖ ನೋಡಿದರು. ಆಮೇಲೆ ಅತ್ತೆಯ ಕೈಯೊಳಗೆ ಬಿಗಿದುಕೊಂಡಿದ್ದ ಬೆರಳುಗಳು ಒಂದೊಂದಾಗಿ ಸಡಿಲವಾದವು.